ತಡವಾಗಿ ಬಂದವಳ ಪಾಠ

ಪ್ರತಿ ವರ್ಷ ಬೇಸಿಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆದಾಗ ಹೊಸ ಹಾಜರಿ ಪುಸ್ತಕವೊಂದು ನನ್ನ ಕೈಸೇರುತ್ತದೆ. ಅದರ ಖಾಲಿ ಚೌಕಗಳನ್ನು ನೋಡುತ್ತಿರುವಂತೆಯೇ ಮಾಕಳಿದುರ್ಗದ ತಪ್ಪಲಿನ ಒಂದು ಶಾಲೆ ನೆನಪಾಗುತ್ತದೆ. ಅಲ್ಲಿನ ಎಂಟನೆಯ ತರಗತಿಯ ಬಾಗಿಲ ಹೊರಗೆ ತಲೆತಗ್ಗಿಸಿ ನಿಂತಿದ್ದ ಒಬ್ಬ ಹುಡುಗಿ ಕಣ್ಣಮುಂದೆ ಬರುತ್ತಾಳೆ. ಶಿಕ್ಷಕಿಯಾಗಲು ಬೇಕಾದ ಪದವಿಯನ್ನು ನಾನು ವಿಶ್ವವಿದ್ಯಾನಿಲಯದಿಂದ ಪಡೆದೆ. ಶಿಕ್ಷಕಿಯಾದವಳು ಯಾವುದಕ್ಕೆ ಅಂಜಬೇಕು ಎಂಬುದನ್ನು ಆ ಹುಡುಗಿಯಿಂದ ಕಲಿತೆ. ಈ ಪ್ರಸಂಗವನ್ನು ಬರೆಯುವುದರಲ್ಲಿ ನನ್ನ ಹಿರಿಮೆಯೇನೂ ಇಲ್ಲ, ತಪ್ಪು ನನ್ನದೇ. ಅಂಥ ತಪ್ಪು ನಮ್ಮ ಮನೆಗಳಲ್ಲಿಯೂ ಸಂಘಸಂಸ್ಥೆಗಳಲ್ಲಿಯೂ ಅರಿವಿಲ್ಲದೆ ನಡೆದುಹೋಗುವಂಥದು ಎಂದು ತೋರಿದ್ದರಿಂದ ಅದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ, ಅದುವರೆಗೆ ಒಂದು ವರ್ಷದ್ದಾಗಿದ್ದ ಬಿ.ಎಡ್. ಶಿಕ್ಷಣವು 2015ರಿಂದ ಎರಡು ವರ್ಷಗಳ ಶಿಕ್ಷಣವಾಯಿತು. ಎರಡನೆಯ ವರ್ಷದಲ್ಲಿ 16 ವಾರಗಳ ಕಾಲ ಪ್ರಶಿಕ್ಷಣಾರ್ಥಿಯು ಶಾಲೆಯಲ್ಲಿದ್ದು, ಅಲ್ಲಿನ ಶಿಕ್ಷಕರ ಮಾರ್ಗದರ್ಶನದಲ್ಲಿ ಪಾಠ ಮಾಡಬೇಕು. ಪ್ರಾರ್ಥನೆಯಿಂದ ಹಿಡಿದು ಮಧ್ಯಾಹ್ನದ ಬಿಸಿಯೂಟದವರೆಗೆ ಶಾಲೆಯ ಎಲ್ಲ ಕೆಲಸಗಳಲ್ಲಿಯೂ ಭಾಗಿಯಾಗಬೇಕು. ಪಾಠಯೋಜನೆಗಳನ್ನು ಬರೆಯಬೇಕು, ದಿನಚರಿಯನ್ನು ಇಡಬೇಕು, ಒಂದು ಕ್ರಿಯಾಸಂಶೋಧನೆಯನ್ನು ಮಾಡಿ ವರದಿ ಒಪ್ಪಿಸಬೇಕು. ನನ್ನ ಸರದಿ ಬಂದದ್ದು 2018ರ ಮಳೆಗಾಲದಲ್ಲಿ. ನನಗೂ ಮತ್ತಿಬ್ಬರು ಸಹಪಾಠಿಗಳಿಗೂ ಮಾಕಳಿದುರ್ಗದ ಸಮೀಪದ ಒಂದು ಸರ್ಕಾರಿ ಪ್ರೌಢಶಾಲೆ ದೊರೆಯಿತು. ನಾವು ದೊಡ್ಡಬಳ್ಳಾಪುರದಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ದಿನವೂ ಬಸ್ಸಿನಲ್ಲಿ ಶಾಲೆಗೆ ಹೋಗಿಬರುವ ಏರ್ಪಾಡು ಮಾಡಿಕೊಂಡೆವು.

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಹೊರಟರೆ ಊರಿನ ಮಗ್ಗಗಳ ಸದ್ದು ಹಿಂದೆ ಉಳಿದು, ರಾಗಿಯ ಹೊಲಗಳೂ ದ್ರಾಕ್ಷಿಯ ತೋಟಗಳೂ ಎದುರಾಗುತ್ತವೆ. ಅವುಗಳ ಆಚೆಗೆ ಬರಿಯ ಬಂಡೆಗಳನ್ನೇ ಒಟ್ಟಿದಂತಿರುವ ಬೆಟ್ಟ ಮಾಕಳಿದುರ್ಗ. ಅದರ ನೆತ್ತಿಯಲ್ಲಿ ಹಳೆಯ ಕೋಟೆಯ ಗೋಡೆಗಳೂ ಈಶ್ವರನ ಗುಡಿಯೂ ನಂದಿಯೂ ಇವೆ. ಘಾಟಿ ಸುಬ್ರಹ್ಮಣ್ಯ ಕ್ಷೇತ್ರವೂ ಗುಂಡಮಗೆರೆಯ ಕೆರೆಯೂ ಅದೇ ಸುತ್ತಿನಲ್ಲಿವೆ. ರಜೆಯ ದಿನಗಳಲ್ಲಿ ಬೆಂಗಳೂರಿನ ತರುಣರು ಬೆಟ್ಟ ಹತ್ತಲು ಬರುತ್ತಾರೆ. ಬೆಟ್ಟದ ಬುಡದಲ್ಲಿಯೇ ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲುಮಾರ್ಗ ಹಾದುಹೋಗುತ್ತದೆ. ಬೆಟ್ಟದ ಹೆಸರನ್ನೇ ಹೊತ್ತ ಪುಟ್ಟ ನಿಲ್ದಾಣವೂ ಅಲ್ಲಿದೆ. ವೇಗವಾಗಿ ಹೋಗುವ ಗಾಡಿಗಳಿಗೆ ದಾರಿ ಬಿಡಲೆಂದು ಗೂಡ್ಸ್ ಗಾಡಿಗಳು ಇಂಥ ನಿಲ್ದಾಣಗಳಲ್ಲಿ ಬದಿಯ ಹಳಿಯ ಮೇಲೆ ಕಾದು ನಿಲ್ಲುವುದುಂಟು. ಕೆಲವೊಮ್ಮೆ ಐದು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಈ ಸಂಗತಿಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಆ ದಿನಗಳಲ್ಲಿ ನಾನು ಇದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಅದಕ್ಕೂ ನನ್ನ ತರಗತಿಗೂ ಏನಾದರೂ ಸಂಬಂಧವಿದ್ದೀತೆಂದು ಎಣಿಸಿರಲಿಲ್ಲ.

ಮೊದಲ ವಾರದಲ್ಲಿಯೇ ನನ್ನ ಮಾರ್ಗದರ್ಶಕ ಶಿಕ್ಷಕಿಯವರು ನನ್ನ ಪಾಠಯೋಜನೆಯನ್ನು ಓದಿ, ಸಹಿ ಹಾಕಿ ಹಿಂದಿರುಗಿಸುತ್ತ ಒಂದು ಮಾತು ಹೇಳಿದರು: “ಎಲ್ಲ ಚೆನ್ನಾಗಿ ಬರೆದಿದ್ದೀಯಮ್ಮ. ಬಿಡುವಾದಾಗ ಒಂದು ದಿನ ಮಕ್ಕಳು ಬರುವ ದಾರಿಯಲ್ಲಿ ಅವರ ಜೊತೆ ನಡೆದುಕೊಂಡು ಬಾ.” ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿದ ಅವರ ಮಾತಿಗೆ ನಾನು ವಿನಯದಿಂದಲೇ ತಲೆಯಾಡಿಸಿದೆ. ಆದರೆ ಬರೆಯಬೇಕಾದ ಪಾಠಯೋಜನೆಗಳು ರಾಶಿ ಇದ್ದವು, ಬೋಧನೋಪಕರಣಗಳನ್ನು ಸಿದ್ಧಪಡಿಸಬೇಕಿತ್ತು. ದಾರಿ ನಡೆಯುವುದಕ್ಕೆ ಯಾವ ಅಂಕವೂ ಇರಲಿಲ್ಲ. ಬಿಡುವು ಎಂಬುದು ನನಗೆ ಆಗಲೇ ಇಲ್ಲ.

ಆ ಶಾಲೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದ ಕೊರತೆಯೆಂದರೆ ಮಕ್ಕಳು ತಡವಾಗಿ ಬರುವುದು. ಎಂಟನೆಯ ತರಗತಿಯಲ್ಲಿ ದಿನವೂ ಎಂಟು ಹತ್ತು ಮಕ್ಕಳು ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದರು. ಮೊದಲ ಅವಧಿ ನನ್ನದೇ, ಪಾಠ ಒಂದು ಹದಕ್ಕೆ ಬರುವಷ್ಟರಲ್ಲಿ ಬಾಗಿಲಲ್ಲಿ “ಒಳಗೆ ಬರಬಹುದಾ ಮಿಸ್?” ಎಂಬ ಧ್ವನಿ. ಒಬ್ಬರಾದ ಮೇಲೆ ಒಬ್ಬರು. ನನ್ನ ಯೋಜನೆಯ ನಿಮಿಷಗಳ ಲೆಕ್ಕವೆಲ್ಲ ಏರುಪೇರಾಗುತ್ತಿತ್ತು. ಕ್ರಿಯಾಸಂಶೋಧನೆಗೆ ವಿಷಯವನ್ನು ಹುಡುಕುತ್ತಿದ್ದ ನನಗೆ ಇದಕ್ಕಿಂತ ಸೂಕ್ತವಾದದ್ದು ಇನ್ನೊಂದು ಕಾಣಲಿಲ್ಲ. ‘ಎಂಟನೆಯ ತರಗತಿಯ ವಿದ್ಯಾರ್ಥಿಗಳಲ್ಲಿ ಸಮಯಪಾಲನೆಯ ಅಭ್ಯಾಸವನ್ನು ಬೆಳೆಸುವುದು’ ಎಂದು ಶೀರ್ಷಿಕೆ ಬರೆದೆ. ಸಮಸ್ಯೆಯನ್ನು ಗುರುತಿಸುವುದು, ಕಾರಣಗಳನ್ನು ಊಹಿಸುವುದು, ಪರಿಹಾರವನ್ನು ಪ್ರಯೋಗಿಸುವುದು, ಫಲವನ್ನು ಅಳೆಯುವುದು ಎಂಬ ಕ್ರಮದಲ್ಲಿ ಅದು ನಡೆಯಬೇಕು. ಕಾರಣಗಳು ಎಂಬಲ್ಲಿ ನಾನು ಮನೆಯವರ ನಿರ್ಲಕ್ಷ್ಯ, ಆಸಕ್ತಿಯ ಕೊರತೆ, ದಾರಿಯಲ್ಲಿ ಆಟ ಎಂದು ಬರೆದುಕೊಂಡೆ. ಅವುಗಳಲ್ಲಿ ಒಂದನ್ನೂ ನಾನು ಯಾರಲ್ಲಿಯೂ ಕೇಳಿ ತಿಳಿದಿರಲಿಲ್ಲ.

ಪರಿಹಾರವಾಗಿ ಒಂದು ದೊಡ್ಡ ಚಾರ್ಟನ್ನು ಮಾಡಿ ತರಗತಿಯ ಗೋಡೆಗೆ ಅಂಟಿಸಿದೆ. ಅದರಲ್ಲಿ ಎಲ್ಲ ಮಕ್ಕಳ ಹೆಸರುಗಳು. ಪ್ರಾರ್ಥನೆಯ ಗಂಟೆಗೆ ಮೊದಲು ಬಂದವರ ಹೆಸರಿನ ಮುಂದೆ ಒಂದು ಹೊಳೆಯುವ ನಕ್ಷತ್ರ. ತಡವಾಗಿ ಬಂದವರ ಹೆಸರಿನ ಮುಂದೆ ಕಪ್ಪು ಚುಕ್ಕೆ. ತಡವಾದವರು ಹತ್ತು ನಿಮಿಷ ಬಾಗಿಲ ಹೊರಗೆ ನಿಂತು ಒಳಗೆ ಬರಬೇಕು. ತಿಂಗಳ ಕೊನೆಗೆ ಹೆಚ್ಚು ನಕ್ಷತ್ರಗಳಿದ್ದವರಿಗೆ ಲೇಖನಿ, ಪುಸ್ತಕಗಳ ಬಹುಮಾನ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಆದ್ದರಿಂದ ಇದು ಸೌಮ್ಯವಾದ ಮಾರ್ಗವೆಂದೇ ನನ್ನ ನಂಬಿಕೆ. ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿದೆ ಎಂಬುದನ್ನು ನಾನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಹಾಗಿದ್ದರೂ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸುವುದಕ್ಕೂ ಆ ಪ್ರಕರಣಕ್ಕೂ ಇರುವ ನಂಟು ನನ್ನ ಬುದ್ಧಿಗೆ ಹೊಳೆಯಲಿಲ್ಲ.

ನನ್ನ ಪ್ರಯೋಗ ಬೇಗನೆ ಫಲಿಸಿತು. ಎರಡನೆಯ ವಾರಕ್ಕೆ ತಡವಾಗಿ ಬರುವವರ ಸಂಖ್ಯೆ ಅರ್ಧಕ್ಕಿಳಿಯಿತು. ಐದನೆಯ ವಾರದ ಹೊತ್ತಿಗೆ ಒಬ್ಬಳ ಹೊರತು ಮತ್ತೆ ಯಾರೂ ತಡಮಾಡುತ್ತಿರಲಿಲ್ಲ. ಇಳಿಯುತ್ತ ಹೋದ ರೇಖೆಯ ನಕ್ಷೆಯನ್ನು ನಾನು ಸಂತೋಷದಿಂದ ಬಿಡಿಸಿದೆ. ಸಹಪಾಠಿಗಳು ಮೆಚ್ಚಿದರು. ನನಗೂ ಒಳಗೊಳಗೇ ಹೆಮ್ಮೆ.

ಉಳಿದ ಆ ಒಬ್ಬಳು ಓದಿನಲ್ಲಿ ಸಾಧಾರಣ. ಮಾತು ಬಹಳ ಕಡಿಮೆ. ವಾರದಲ್ಲಿ ಎರಡು ಮೂರು ದಿನ ಸಮಯಕ್ಕೆ ಸರಿಯಾಗಿ ಬರುವಳು. ಉಳಿದ ದಿನ ಹದಿನೈದು ಇಪ್ಪತ್ತು ನಿಮಿಷ ತಡ. ಅವಳ ಹೆಸರಿನ ಮುಂದೆ ಚುಕ್ಕೆಗಳು ಸಾಲುಗಟ್ಟಿದವು. ನನ್ನ ರೇಖೆಯು ಸೊನ್ನೆಯನ್ನು ಮುಟ್ಟದಂತೆ ತಡೆದವಳು ಅವಳೇ ಎಂಬ ಅಸಮಾಧಾನ ನನ್ನಲ್ಲಿತ್ತೆಂಬುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಒಂದು ದಿನ ಎಲ್ಲ ಮಕ್ಕಳ ಎದುರಿಗೆ ಅವಳನ್ನು ಕೇಳಿದೆ: “ನಿನ್ನ ಊರಿನವರೇ ಆರು ಜನ ಸಮಯಕ್ಕೆ ಬರುತ್ತಾರೆ. ಅವರಿಗೆಲ್ಲ ಆಗುವುದು ನಿನಗೊಬ್ಬಳಿಗೇ ಏಕೆ ಆಗುವುದಿಲ್ಲ?” ಅವಳು ಒಮ್ಮೆ ಆ ಆರು ಜನರ ಕಡೆಗೆ ನೋಡಿದಳು, ಆಮೇಲೆ ನೆಲವನ್ನು ನೋಡಿದಳು. ಉತ್ತರ ಕೊಡಲಿಲ್ಲ. ಆ ಮೌನವನ್ನು ನಾನು ಮೊಂಡುತನವೆಂದು ತಿಳಿದೆ. ಅಂದಿನ ದಿನಚರಿಯಲ್ಲಿ ‘ಸ್ಪಂದನೆ ಇಲ್ಲ’ ಎಂದು ಬರೆದೆ.

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ನನಗೆ ಬಸ್ಸು ತಪ್ಪಿತು. ಪ್ಯಾಸೆಂಜರ್ ಗಾಡಿ ಹಿಡಿದು ಮಾಕಳಿದುರ್ಗದಲ್ಲಿ ಇಳಿದು, ಶಾಲೆಯ ಕಡೆಗೆ ನಡೆದೆ. ನಿಲ್ದಾಣದಿಂದ ತುಸು ದೂರದಲ್ಲಿ, ಹೊಲಗಳ ನಡುವಿನ ಒಂದು ಕಾಲುದಾರಿ ಹಳಿಗಳನ್ನು ಅಡ್ಡ ಹಾಯ್ದು ಬರುತ್ತದೆ. ಆ ದಾರಿಗೆ ಅಡ್ಡವಾಗಿ ಉದ್ದನೆಯ ಗೂಡ್ಸ್ ಗಾಡಿಯೊಂದು ನಿಂತಿತ್ತು. ಅದರ ತಲೆಯೂ ಬಾಲವೂ ಕಾಣುತ್ತಿರಲಿಲ್ಲ. ನಾನು ನೋಡುತ್ತಿರುವಂತೆಯೇ ಎರಡು ಡಬ್ಬಿಗಳ ನಡುವಿನಿಂದ ಒಂದು ಶಾಲೆಯ ಚೀಲ ಹೊರಬಂದು ಜಲ್ಲಿಕಲ್ಲಿನ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು ಚೀಲ. ಅನಂತರ ಕೊಂಡಿಯ ಅಡಿಯಿಂದ ಬಗ್ಗಿ, ಮೊಣಕಾಲೂರಿ, ಒಬ್ಬ ಹುಡುಗ ಈಚೆಗೆ ಬಂದ. ಅವನು ನನ್ನ ತರಗತಿಯವನು. ಅವನ ಹೆಸರಿನ ಮುಂದೆ ಒಂದೂ ಚುಕ್ಕೆ ಇರಲಿಲ್ಲ. ಅವನ ಹಿಂದೆ ಮತ್ತೊಬ್ಬ, ಅವನ ಹಿಂದೆ ಇಬ್ಬರು ಹುಡುಗಿಯರು. ಕೊನೆಯವಳು ಹಳಿಯಿಂದ ಈಚೆಗೆ ಬಂದು ಲಂಗದ ಧೂಳು ಕೊಡವಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ದೂರದಲ್ಲೆಲ್ಲೋ ಎಂಜಿನ್ ಎಳೆದ ಸದ್ದಾಯಿತು. ಡಬ್ಬಿಯಿಂದ ಡಬ್ಬಿಗೆ ಧಡಧಡನೆ ಒಂದು ಜಗ್ಗು ಹರಿದುಬಂದು, ನಮ್ಮನ್ನು ದಾಟಿ ಮುಂದಕ್ಕೆ ಹೋಯಿತು. ಗಾಡಿ ಒಂದು ಮಾರು ಸರಿದು ಮತ್ತೆ ನಿಂತಿತು. ನನ್ನ ಕೈಕಾಲುಗಳಲ್ಲಿ ಬಲವಿಲ್ಲದಂತಾಯಿತು.

ನನ್ನನ್ನು ಕಂಡ ಮಕ್ಕಳು ಓಡಲಿಲ್ಲ. ಒಬ್ಬನು ನಿಜವಾದ ಸಂತೋಷದಿಂದಲೇ, “ಇನ್ನೂ ಟೈಮ್ ಇದೆ ಮಿಸ್, ಬೆಲ್ ಹೊಡೆದಿಲ್ಲ,” ಎಂದ. ಅವನನ್ನು ಶಾಲೆಯ ಕಡೆಗೆ ಕಳಿಸಿ ನಾನು ಅಲ್ಲಿಯೇ ನಿಂತೆ. ಡಬ್ಬಿಗಳ ಅಡಿಯಿಂದ ಆಚೆ ಬದಿಯಲ್ಲಿ ನಾಲ್ಕು ಕಾಲುಗಳು ಕಾಣುತ್ತಿದ್ದವು. ಎರಡು ದೊಡ್ಡವು, ಎರಡು ಚಿಕ್ಕವು. ಸುಮಾರು ಇಪ್ಪತ್ತು ನಿಮಿಷಗಳ ಮೇಲೆ ಗಾಡಿ ಪೂರ್ತಿ ಹೊರಟುಹೋದಾಗ, ಆಚೆಗೆ ಆ ಹುಡುಗಿ ತನ್ನ ತಮ್ಮನ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಎರಡೂ ಕಡೆಗೆ ನೋಡಿ, ಹಳಿ ದಾಟಿ ಬಂದಳು. ನನ್ನನ್ನು ಕಂಡು ಅವಳ ಮುಖ ಬಾಡಿತು. ಚುಕ್ಕೆಯ ನೆನಪಾಯಿತೇನೋ.

“ದಿನಾ ಹೀಗೇನಾ?” ಎಂದು ಕೇಳಿದೆ.

“ಗಾಡಿ ನಿಂತ ದಿನ ಮಾತ್ರ ಮಿಸ್. ನಮ್ಮಪ್ಪ ಹೇಳಿದ್ದಾರೆ, ಎಷ್ಟೊತ್ತಾದ್ರೂ ಗಾಡಿ ಅಡಿಗೆ ಹೋಗಬಾರದು ಅಂತ.”

“ಮತ್ತೆ ಅವರೆಲ್ಲ?”

“ಮುಂಚೆ ಅವರೂ ನಿಂತ್ಕೊಳ್ತಿದ್ರು ಮಿಸ್. ಚಾರ್ಟ್ ಹಾಕಿದ ಮೇಲೆ ಹೀಗೆ ಬರ್ತಾರೆ.”

“ನಾನು ಅಷ್ಟು ಸಲ ಕೇಳಿದೆನಲ್ಲ, ಏಕೆ ಹೇಳಲಿಲ್ಲ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಎಲ್ಲರ ಮುಂದೆ ಕೇಳಿದ್ರಿ ಮಿಸ್.”

ಆ ಮಾತಿನ ಅರ್ಥ ನನಗೆ ಆಗುವುದಕ್ಕೆ ಶಾಲೆಯವರೆಗಿನ ದಾರಿ ಬೇಕಾಯಿತು. ನಿಜವನ್ನು ಹೇಳಿದರೆ ಗೆಳೆಯರು ಸಿಕ್ಕಿಬೀಳುತ್ತಾರೆ. ಸುಳ್ಳು ಹೇಳಲು ಅವಳಿಗೆ ಮನಸ್ಸಿಲ್ಲ. ಆದ್ದರಿಂದ ಅವಳು ಚುಕ್ಕೆಗಳನ್ನು ಒಪ್ಪಿಕೊಂಡಳು, ಬಾಗಿಲ ಹೊರಗೆ ನಿಂತಳು. ತಂದೆಯ ಮಾತನ್ನೂ ತಮ್ಮನ ಜೀವವನ್ನೂ ಗೆಳೆಯರ ಮಾನವನ್ನೂ ಒಟ್ಟಿಗೆ ಕಾಪಾಡಿದ ಮಗುವಿಗೆ ನಾನು ತರಗತಿಯಲ್ಲಿ ಕೊನೆಯ ಸ್ಥಾನವನ್ನು ಕೊಟ್ಟಿದ್ದೆ. ನಿಂತ ಗಾಡಿಯ ಅಡಿಯಲ್ಲಿ ನುಸುಳುವುದು ಪ್ರಾಣಕ್ಕೆ ಅಪಾಯ. 1989ರ ರೈಲ್ವೆ ಕಾಯಿದೆಯಂತೆ ಹಳಿಯ ಪ್ರದೇಶವನ್ನು ಅಕ್ರಮವಾಗಿ ಪ್ರವೇಶಿಸುವುದು ಅಪರಾಧವೂ ಹೌದು. ಆ ಅಪಾಯಕ್ಕೆ ನಾನು ಹೊಳೆಯುವ ನಕ್ಷತ್ರಗಳನ್ನು ಅಂಟಿಸಿದ್ದೆ. ನನ್ನ ನಕ್ಷೆಯ ರೇಖೆ ಒಂದೊಂದು ವಾರ ಇಳಿದಂತೆ, ಗಾಡಿಯ ಅಡಿಯಲ್ಲಿ ತೆವಳುವ ಮಕ್ಕಳ ಸಂಖ್ಯೆ ಏರುತ್ತಿತ್ತು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಮಾತಿಗೆ ಮೊದಲು ಪ್ರಮಾದದ ಮಾತನ್ನು ಇಡುತ್ತದೆ ಎಂಬುದನ್ನು ನಮ್ಮ ವಾಚಕರು ಬಲ್ಲರು. ಚಿಕ್ಕಂದಿನಲ್ಲಿ ಅದನ್ನು ಕೇಳಿದಾಗ ಪ್ರಮಾದವೆಂದರೆ ನೀರನ್ನು ಸೋಸದೆ ಕುಡಿಯುವುದು, ನೆಲವನ್ನು ನೋಡದೆ ಹೆಜ್ಜೆಯಿಡುವುದು ಎಂದಷ್ಟೇ ನಾನು ತಿಳಿದಿದ್ದೆ. ಇರುವೆಯನ್ನು ತುಳಿಯದಂತೆ ನಡೆಯಲು ಮನೆಯಲ್ಲಿ ಕಲಿತವಳು, ನಿಯಮವೊಂದನ್ನು ಮಕ್ಕಳ ನಡುವೆ ಇಡುವಾಗ ಅದರ ಅಡಿಯಲ್ಲಿ ಯಾರು ಸಿಕ್ಕಿಕೊಂಡಾರು ಎಂದು ಬಗ್ಗಿ ನೋಡಲಿಲ್ಲ. ನನ್ನಲ್ಲಿ ದ್ವೇಷವಿರಲಿಲ್ಲ, ಕೋಪವೂ ಹೆಚ್ಚಿರಲಿಲ್ಲ. ಒಳ್ಳೆಯದನ್ನು ಮಾಡುತ್ತಿದ್ದೇನೆಂಬ ಭರವಸೆಯಿತ್ತು. ಆ ಭರವಸೆಯೇ ನೋಡುವ ಶ್ರಮದಿಂದ ನನ್ನನ್ನು ಬಿಡಿಸಿಬಿಟ್ಟಿತ್ತು.

ಅಂದು ಮೊದಲು ಮುಖ್ಯೋಪಾಧ್ಯಾಯರಿಗೆ ಎಲ್ಲವನ್ನೂ ತಿಳಿಸಿದೆ. ಅವರು ನನ್ನನ್ನು ಗದರಲಿಲ್ಲ. ತಕ್ಷಣ ಪೋಷಕರನ್ನು ಕರೆಸಿ ಮಾತನಾಡಿದರು. ಬೆಳಗಿನ ಹೊತ್ತು ಹಿರಿಯರೊಬ್ಬರು ಸರದಿಯಂತೆ ಹಳಿಯ ಬಳಿ ನಿಂತು ಮಕ್ಕಳನ್ನು ದಾಟಿಸಬೇಕೆಂದು ಗೊತ್ತಾಯಿತು. ಗಾಡಿ ನಿಂತ ದಿನ ತಡವಾದವರಿಗೆ ಪಾಠ ತಪ್ಪದಂತೆ, ಮೊದಲ ಹದಿನೈದು ನಿಮಿಷಗಳನ್ನು ಗ್ರಂಥಾಲಯದ ಪುಸ್ತಕಗಳ ಓದಿಗೆ ಬಿಡಲಾಯಿತು. ಇಷ್ಟು ಸುಲಭದ ಏರ್ಪಾಡು ಮೊದಲೇ ಆಗಬಹುದಿತ್ತು. ಅದಕ್ಕೆ ಬೇಕಾಗಿದ್ದದ್ದು ಒಂದು ದಿನ ಆ ದಾರಿಯಲ್ಲಿ ನಡೆಯುವುದು. ನನ್ನ ಮಾರ್ಗದರ್ಶಕ ಶಿಕ್ಷಕಿಯವರು ತಮ್ಮ ಮೊದಲ ವಾರದ ಮಾತನ್ನು ನನಗೆ ನೆನಪಿಸಲಿಲ್ಲ. ಅದು ಅವರ ದೊಡ್ಡತನ.

ತರಗತಿಯನ್ನು ಎದುರಿಸುವುದು ಹೆಚ್ಚು ಕಷ್ಟವಾಗಿತ್ತು. ಎಲ್ಲರ ಎದುರಿಗೆ ಮಾಡಿದ ತಪ್ಪಿಗೆ ಎಲ್ಲರ ಎದುರಿಗೇ ಕ್ಷಮೆ ಕೇಳಬೇಕು. ಆದರೆ ಅವಳು ಅಷ್ಟು ದಿನ ಕಾಪಾಡಿದ್ದ ಗೆಳೆಯರನ್ನು ನಾನು ಹಳಿಯಬಾರದು. ಚಾರ್ಟನ್ನು ಗೋಡೆಯಿಂದ ತೆಗೆದು ಮಡಿಸಿ ಹೇಳಿದೆ: “ಇದನ್ನು ಹಾಕಿದ್ದು ನನ್ನ ತಪ್ಪು. ಬೇಗ ಬನ್ನಿ ಎಂದೆ. ಹೇಗೆ ಬರುತ್ತೀರಿ ಎಂದು ಕೇಳಲಿಲ್ಲ. ಇವಳನ್ನು ಹೊರಗೆ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನನ್ನನ್ನು ಕ್ಷಮಿಸಬೇಕು.” ಮಕ್ಕಳಿಗೆ ಎಲ್ಲವೂ ಅರ್ಥವಾಯಿತು; ಹಲವರು ತಲೆ ತಗ್ಗಿಸಿದರು. ಆ ಹುಡುಗಿ ಗಲಿಬಿಲಿಗೊಂಡು ಎದ್ದುನಿಂತು, “ಪರವಾಗಿಲ್ಲ ಮಿಸ್,” ಎಂದಳು. ಪರವಾಗಿಲ್ಲವೆಂದು ಅವಳು ಹೇಳಬಹುದು. ನಾನು ಹಾಗೆ ಹೇಳಿಕೊಳ್ಳುವಂತಿರಲಿಲ್ಲ.

ಇನ್ನು ಉಳಿದದ್ದು ಕ್ರಿಯಾಸಂಶೋಧನೆಯ ವರದಿ. ಅದು ಬಹುಮಟ್ಟಿಗೆ ಬರೆದು ಮುಗಿದಿತ್ತು; ನಕ್ಷೆಯೂ ಸಿದ್ಧವಾಗಿತ್ತು. “ಅಂಕಿಗಳು ಸುಳ್ಳಲ್ಲವಲ್ಲ, ಹಾಗೆಯೇ ಒಪ್ಪಿಸಿಬಿಡು,” ಎಂದು ನನ್ನ ಸಹಪಾಠಿ ಸಲಹೆ ಕೊಟ್ಟಳು. ಅವಳ ಮಾತಿನಲ್ಲಿ ಕೆಡುಕಿರಲಿಲ್ಲ. ಹೊಸ ವಿಷಯವನ್ನು ಹಿಡಿದು ಮತ್ತೆ ಬರೆಯಲು ಸಮಯವೂ ಇರಲಿಲ್ಲ. ಒಂದು ರಾತ್ರಿಯೆಲ್ಲ ಯೋಚಿಸಿದೆ. ಅಂಕಿಗಳು ನಿಜ, ಆದರೆ ಅವುಗಳನ್ನು ಓದಿದವನು ನಂಬುವ ಸಂಗತಿ ಸುಳ್ಳು. ಇದನ್ನೋದಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಇನ್ನೊಂದು ಶಾಲೆಯ ಗೋಡೆಗೆ ಇಂಥದೇ ಚಾರ್ಟನ್ನು ಅಂಟಿಸಿದರೆ? ಕೊನೆಗೆ ನಡೆದದ್ದೆಲ್ಲವನ್ನೂ ಎರಡು ಪುಟಗಳಲ್ಲಿ ಬರೆದು ‘ಫಲಿತಾಂಶ’ ಎಂಬ ಅಧ್ಯಾಯಕ್ಕೆ ಸೇರಿಸಿದೆ. ವರದಿಯನ್ನು ನೋಡಿದ ಪ್ರಾಧ್ಯಾಪಕರು, ಇದಕ್ಕೆ ಅಲ್ಲಿ ಸ್ಥಳವಿಲ್ಲ, ‘ಅಧ್ಯಯನದ ಮಿತಿಗಳು’ ಎಂಬಲ್ಲಿ ಸೇರಿಸಿರಿ ಎಂದರು. ನಾನು ಹಾಗೆಯೇ ಮಾಡಿದೆ. ಅಂಕಗಳು ಸಾಧಾರಣವಾಗಿ ಬಂದವು. ಮಿತಿ ಎಂಬ ಮಾತು ಆ ಸಂಶೋಧನೆಗಿಂತ ಸಂಶೋಧಕಿಗೆ ಹೆಚ್ಚು ಒಪ್ಪುತ್ತದೆ ಎಂದು ನನಗೆ ಆಮೇಲೆ ಅನ್ನಿಸಿತು.

ನಾವು ದಿನವೂ ನಮಸ್ಕರಿಸುವ ಪಂಚಪರಮೇಷ್ಠಿಗಳಲ್ಲಿ ನಾಲ್ಕನೆಯ ಸ್ಥಾನ ಉಪಾಧ್ಯಾಯರದು. ಶಾಲೆಯಲ್ಲಿ ಪಾಠ ಹೇಳುವವರಿಗೂ ಕನ್ನಡದಲ್ಲಿ ಅದೇ ಹೆಸರು ಬಂದಿದೆ. ಆ ಪರಮಪದದ ಯೋಗ್ಯತೆ ನಮ್ಮಂಥವರಿಗೆ ಎಲ್ಲಿಯದು! ಆದರೂ ಹೆಸರಿನ ಅರ್ಥವನ್ನಾದರೂ ನಾವು ಮರೆಯಬಾರದು. ಯಾರ ಸಮೀಪಕ್ಕೆ ಬಂದು ಅಧ್ಯಯನ ಮಾಡುತ್ತಾರೆಯೋ ಅವನು ಉಪಾಧ್ಯಾಯ. ಸಮೀಪಕ್ಕೆ ಬರಲು ಹೊರಟ ಮಗುವನ್ನು ನಾನು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಅಂದಿನಿಂದ ನಾನು ಎರಡು ಅಭ್ಯಾಸಗಳನ್ನು ಇಟ್ಟುಕೊಂಡಿದ್ದೇನೆ. ಯಾವ ಶಾಲೆಗೆ ಹೋದರೂ ಮೊದಲ ತಿಂಗಳಲ್ಲಿ ಮಕ್ಕಳು ಬರುವ ಒಂದೊಂದು ದಾರಿಯಲ್ಲಿಯೂ ಒಮ್ಮೆ ನಡೆಯುತ್ತೇನೆ. ಮಗುವಿನಿಂದ ಕಾರಣ ತಿಳಿಯಬೇಕಾದಾಗ ಹತ್ತು ಜನರ ಎದುರಿಗೆ ಕೇಳುವುದಿಲ್ಲ. ಪಕ್ಕಕ್ಕೆ ಕರೆದು, ಅದರ ಎತ್ತರಕ್ಕೆ ಕುಳಿತು ಕೇಳುತ್ತೇನೆ. ಪ್ರಶಿಕ್ಷಣದ ಕಾಲದಲ್ಲಿ ಕಡ್ಡಾಯವೆಂದು ಬರೆಯುತ್ತಿದ್ದ ದಿನಚರಿಯನ್ನು ಈಗಲೂ ಬರೆಯುತ್ತೇನೆ. ನಮ್ಮ ಅಜ್ಜಿ ಸಂಜೆ ದೀಪ ಹಚ್ಚಿದ ಮೇಲೆ ಕಣ್ಮುಚ್ಚಿ ಕುಳಿತು, ದಿನದ ತಪ್ಪುಗಳನ್ನು ಒಂದೊಂದಾಗಿ ನೆನೆದು ಪ್ರತಿಕ್ರಮಣ ಮಾಡುತ್ತಿದ್ದರು. ಆ ದಿನಚರಿಯೂ ಅದೇ ಕೆಲಸಕ್ಕೆಂದು ತಿಳಿಯಲು ನನಗೆ ಒಂದು ಸೆಮಿಸ್ಟರ್ ಹಿಡಿಯಿತು.

ಕೊನೆಯದಾಗಿ ನಮ್ಮ ಬಂಧುಗಳಲ್ಲಿಯೂ ಬಸದಿಗಳ ಆಡಳಿತ ಮಂಡಲಿಗಳಲ್ಲಿಯೂ ಒಂದು ಬಿನ್ನಹ. ನಾವು ವಿದ್ಯಾರ್ಥಿನಿಲಯಗಳನ್ನೂ ಪಾಠಶಾಲೆಗಳನ್ನೂ ನಡೆಸುತ್ತೇವೆ. ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಪ್ರತಿಭಾವಂತರಿಗೆ ಶಾಲು ಹೊದಿಸಿ ಪುರಸ್ಕಾರ ಕೊಡುತ್ತೇವೆ. ಅದು ಸತ್ಕಾರ್ಯವೇ, ಮಕ್ಕಳಿಗೆ ಅದರಿಂದ ಉತ್ಸಾಹವೂ ಬರುತ್ತದೆ. ಮನೆಯಲ್ಲಿ ತೊಂಬತ್ತೈದು ಅಂಕಗಳ ಪಟ್ಟಿಯನ್ನು ತಂದ ಮಗನನ್ನು ಮುದ್ದಿಸುತ್ತೇವೆ, ಅರುವತ್ತು ತಂದ ಮಗಳನ್ನು ನೆಂಟರ ಎದುರಿಗೇ ಏಕೆ ಹೀಗಾಯಿತೆಂದು ಕೇಳುತ್ತೇವೆ. ಹಾಗೆ ಕೇಳುವ ಮೊದಲು, ಬಹುಮಾನ ಪಡೆದ ಮಗು ಯಾವುದರ ಅಡಿಯಲ್ಲಿ ನುಸುಳಿ ಬಂದಿತು, ಹಿಂದೆ ಉಳಿದ ಮಗು ಯಾರ ಕೈಯನ್ನು ಹಿಡಿದು ನಿಂತಿತ್ತು ಎಂಬುದನ್ನು ಒಮ್ಮೆ ಹೋಗಿ ನೋಡೋಣ.

ಪ್ರಶಿಕ್ಷಣ ಮುಗಿದ ದಿನ ಮಕ್ಕಳು ನನಗೆ ಬೀಳ್ಕೊಡುಗೆ ಕೊಟ್ಟರು. ಹೊಲಗಳಲ್ಲಿ ರಾಗಿಯ ಕೊಯ್ಲು ಆರಂಭವಾಗಿತ್ತು. ಅಂದು ಬಸ್ಸನ್ನು ಬಿಟ್ಟು, ಸಂಜೆ ಊರಿಗೆ ಹೊರಟ ಮಕ್ಕಳ ಜೊತೆಯಲ್ಲಿ ಆ ಕಾಲುದಾರಿಯವರೆಗೆ ನಡೆದೆ. ಗೂಡ್ಸ್ ಗಾಡಿಯೊಂದು ಅಡ್ಡ ನಿಂತಿತ್ತು. ಏಳು ಮಕ್ಕಳೂ ಚೀಲಗಳನ್ನು ಕೆಳಗಿಟ್ಟು, ಜಲ್ಲಿಯಿಂದ ದೂರದಲ್ಲಿ ಬದುವಿನ ಮೇಲೆ ಕುಳಿತುಕೊಂಡರು. ಬೆಟ್ಟದ ನೆರಳು ಹೊಲದ ಮೇಲೆ ಚಾಚುವವರೆಗೆ ನಾವೆಲ್ಲರೂ ಅಲ್ಲಿ ಕಾದೆವು. ಅಂದು ಮನೆಗೆ ಎಲ್ಲರೂ ತಡವಾಗಿಯೇ ಹೋದರು.